ಪೇಢೆ ಡಬ್ಬಿಯಲ್ಲಿ ಬಂದ ಗಡಿಯಾರ

ಹೋದ ವರ್ಷ ಧಾರವಾಡದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ವಾಪಸ್ ಬರುವಾಗ ನನ್ನ ಕೈಚೀಲದಲ್ಲಿ ಎರಡು ಪೇಢೆ ಡಬ್ಬಿ ಇದ್ದವು. ಒಂದರಲ್ಲಿ ಪೇಢೆ. ಇನ್ನೊಂದರಲ್ಲಿ ನಮ್ಮ ಅಜ್ಜನ ಗೋಡೆ ಗಡಿಯಾರದ ಹೊಟ್ಟೆಯೊಳಗಿನ ಯಂತ್ರ, ಹಳೆ ಧೋತರದ ತುಂಡಿನಲ್ಲಿ ಸುತ್ತಿದ್ದು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಎರಡನೇ ಡಬ್ಬಿ ಬಿಚ್ಚಿಸಿದರು. ಹಲ್ಲಿನ ಚಕ್ರ, ಸ್ಪ್ರಿಂಗು ನೋಡಿ ಹುಬ್ಬೇರಿಸಿದರು. ‘ಗಡಿಯಾರ ರೀ’ ಅಂದೆ. ‘ಮುಳ್ಳು ಎಲ್ಲಿ?’ ಅಂದರು.

ಮುಳ್ಳು, ಡಯಲು, ಸಾಗವಾನಿ ಪೆಟ್ಟಿಗೆ ಎಲ್ಲಾ ಹೊಸಯಲ್ಲಾಪುರದ ಮನೆಯ ಗೋಡೆಯ ಮೇಲೇ ಇವೆ. ಅಣ್ಣ ಅದಕ್ಕೆ ಸೆಲ್ ಮಷೀನ್ ಹಾಕಿಸಿಬಿಟ್ಟಿದ್ದಾನೆ. ಪೆಂಡುಲಮ್ ಈಗಲೂ ತೂಗುತ್ತದೆ, ಆದರೆ ಸುಮ್ನೆ. ಅದಕ್ಕೂ ಟೈಮಿಗೂ ಸಂಬಂಧವೇ ಇಲ್ಲ. ಸೆಲ್ಲಿನ ಬಲದಿಂದ ಒಂದು ಆಯಸ್ಕಾಂತ ಅದನ್ನು ಅತ್ತಿತ್ತ ದೂಡುತ್ತದೆ, ಅಷ್ಟೆ.

ಹಳೆ ಗಡಿಯಾರ ಗೋಡೆಗೆ ಹಾಕುವ ಹುಚ್ಚು ಈಗ ಎರಡೂ ಕಡೆ ಇದೆ. ಹುಬ್ಬಳ್ಳಿಯಲ್ಲಿ ಹೊಸ ಮನೆ ಕಟ್ಟಿಸಿದವರು, ಹೋಟೆಲ್ ಅಲಂಕಾರ ಮಾಡಿಸುವವರು ‘ಹಳೇದೊಂದು ಗಡಿಯಾರ ಇರಲಿ’ ಅನ್ನುತ್ತಾರೆ. ಸಿಗದಿದ್ದರೆ ಎರಡು ಮುಖದ, ಸ್ಟೇಷನ್ ಗಡಿಯಾರದಂಥ ಹಿತ್ತಾಳೆಯದು ತರುತ್ತಾರೆ. ಅದು ಮೊನ್ನೆ ಮೊನ್ನೆ ಮಾಡಿದ್ದು. ಅಸಲು ಹಳೇದಾದರೆ ಕೀಲಿ ಹಾಕುವ ತೂತಿನ ಸುತ್ತ ನೋಡಿ. ವಾರವಾರ ಕೀಲಿ ತಾಗಿ ಡಯಲಿನ ಮೇಲೆ ಗೀರು ಬಿದ್ದಿರುತ್ತವೆ. ಅಲ್ಲಿ ನುಣ್ಣಗಿದ್ದರೆ ನನಗಂತೂ ಅನುಮಾನ.

ಇನ್ನು ಇಲ್ಲಿಯ ಕಥೆ. ನಾನಿರುವ ಸೀಮೆಯೇ ಗಡಿಯಾರದ ತವರು. ಶ್ರಾಂಬರ್ಗ್ ಊರಿನಲ್ಲಿ 1861ರಲ್ಲಿ ಶುರುವಾದ ಯುಂಗ್‌ಹಾನ್ಸ್ ಕಂಪನಿ 20ನೇ ಶತಮಾನದ ಹೊತ್ತಿಗೆ ಜಗತ್ತಿನಲ್ಲೇ ದೊಡ್ಡ ಗಡಿಯಾರ ಕಾರ್ಖಾನೆಯಾಗಿತ್ತು. ಅವರ ಒಂದು ಕಟ್ಟಡ ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಸಣ್ಣ ಚಕ್ರ ಜೋಡಿಸುವವರಿಗೆ ಕಿಟಕಿ ಬೆಳಕು ಬೇಕು ಅಂತ ಹಾಗೆ ಕಟ್ಟಿದ್ದು. ಈಗ ಅದೇ ಮ್ಯೂಸಿಯಂ. ನಮ್ಮಜ್ಜನ ಗಡಿಯಾರದ ಯಂತ್ರದ ಮೇಲೂ ಅವರದೇ ಗುರುತು: ನಕ್ಷತ್ರ, ನಡುವೆ ಜೆ ಅಕ್ಷರ. ಈ ಸೀಮೆಗೂ ಧಾರವಾಡಕ್ಕೂ ಹಳೆ ನಂಟು ಬಿಡಿ. ಧಾರವಾಡದಲ್ಲೂ ಇದ್ದ, ಕನ್ನಡ ನಿಘಂಟಿನ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಇಲ್ಲೇ ಹತ್ತಿರದ ಟ್ಯೂಬಿಂಗನ್‌ನಲ್ಲಿ.

ಶನಿವಾರ ಕಾರ್ಲ್ಸ್‌ಪ್ಲಾಟ್ಸ್ ಚೌಕದಲ್ಲಿ ಹಳೆ ಸಾಮಾನಿನ ಸಂತೆ ನೆರೆಯುತ್ತದೆ. ವಯಸ್ಸಾದವರು ತೀರಿಕೊಂಡು ಮನೆ ಖಾಲಿ ಮಾಡಿದಾಗ ಬಂದ ಗಡಿಯಾರಗಳು ಅಲ್ಲಿ ಸಿಗುತ್ತವೆ. ನಾನೂ ಒಂದು ಕೊಂಡೆ, 45 ಯೂರೋ. ರಿಪೇರಿಗೆ ಕೇಳಿದರೆ 180 ಯೂರೋ! ಹೀಗಾಗಿ ಇಲ್ಲಿ ತುಂಬಾ ಜನ ರಿಪೇರಿಗೇ ಹೋಗುವುದಿಲ್ಲ. ನಮ್ಮ ಪಕ್ಕದ ಮನೆಯವರ ಗೋಡೆಯಲ್ಲಿ ಹನ್ನೊಂದು ಗಡಿಯಾರ ಇವೆ. ಒಂದಕ್ಕೂ ಧೂಳಿಲ್ಲ, ಒಂದೂ ನಡೆಯುವುದಿಲ್ಲ. ಒಂದರಲ್ಲಿ ಮೂರು ಗಂಟೆ, ಪಕ್ಕದ್ದರಲ್ಲಿ ಏಳೂವರೆ. ನಡೆಯುವ ಸ್ಥಿತಿಯಲ್ಲಿದ್ದವನ್ನೂ ನಿಲ್ಲಿಸಿದ್ದಾರೆ. ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದು ಅನ್ನುವ ಊರು ಇದು. ಹನ್ನೆರಡು ತಾಸು ಬಡಿದರೆ ಮೇಲಿನ ಮನೆಯವರು ಚೀಟಿ ಅಂಟಿಸಿ ಹೋಗುತ್ತಾರೆ.

ಚಂದ ಇಟ್ಟುಕೊಳ್ಳುವುದರಲ್ಲಿ ಜರ್ಮನರನ್ನು ಮೀರಿಸುವವರಿಲ್ಲ, ಒಪ್ಪಿದೆ. ಆದರೆ ಆ ಗೋಡೆ ನೋಡಿದಾಗೆಲ್ಲ ನಮ್ಮವ್ವ ಏನನ್ನುತ್ತಿದ್ದಳೋ ಅಂತ ನೆನಪಾಗುತ್ತದೆ. ನಿಂತ ಗಡಿಯಾರ ಮನೆಯಲ್ಲಿ ಇರಬಾರದು, ಅಪಶಕುನ. ಇದನ್ನು ಕೇಳಿ ಮೊದಲು ನಗುತ್ತಿದ್ದೆ. ಈಗ ಅನಿಸುತ್ತದೆ, ಆ ಹೆದರಿಕೆಯೇ ನಮ್ಮೂರಿನ ಗಡಿಯಾರಗಳನ್ನು ಐವತ್ತು, ಅರವತ್ತು ವರ್ಷ ನಡೆಸಿದ್ದು. ನಿಂತ ಮರುದಿನವೇ ರಿಪೇರಿಗೆ ಓಡುತ್ತಿದ್ದರು. ಈಗ ರಿಪೇರಿಯವರಿಲ್ಲ, ಹೆದರಿಕೆ ಮಾತ್ರ ಉಳಿದಿದೆ. ಹಾಗಾಗಿ ಗಡಿಯಾರ ಸೀದಾ ಗುಜರಿಗೆ ಹೋಗುತ್ತದೆ. ಇಲ್ಲಾ ಹೊಟ್ಟೆ ಬಗೆದು ಸೆಲ್ ಹಾಕುತ್ತಾರೆ.

ನಮ್ಮದು ಎಂಟು ದಿನದ ಗಡಿಯಾರ. ಡಯಲಿನಲ್ಲಿ ಎರಡು ತೂತು. ಬಲಗಡೆಯದು ನಡೆಯಲು, ಎಡಗಡೆಯದು ತಾಸು ಬಡಿಯಲು. ಭಾನುವಾರ ಸ್ನಾನ ಆದ ಮೇಲೆ ಅಜ್ಜ ಸ್ಟೂಲ್ ಹತ್ತಿ ಕೀಲಿ ಕೊಡುತ್ತಿದ್ದರು. ಮರೆತರೆ ಒಂದು ದಿನದ ಮಾಫಿ. ತಾಸು ಬಡಿಯುವ ಭಾಗಕ್ಕೆ ಮುಳ್ಳು ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಅದು ತನ್ನ ಎಣಿಕೆ ಚಕ್ರದ ಪ್ರಕಾರ ಒಂದಾದ ಮೇಲೆ ಒಂದು ಬಡಿಯುತ್ತಾ ಹೋಗುತ್ತದೆ. ಹೀಗಾಗಿ ಒಮ್ಮೆ ತಪ್ಪಿದರೆ ತಪ್ಪಿದ್ದೇ. ಒಂದು ಮಳೆಗಾಲ ಪೂರ್ತಿ ನಾಲ್ಕಕ್ಕೆ ಏಳು ಬಡಿಯಿತು. ಅವ್ವ ಅಡುಗೆಮನೆಯಿಂದಲೇ ಎಣಿಸಿ ಮೂರು ಕಳೆಯುತ್ತಿದ್ದಳು. ಸರಿ ಮಾಡಿಸಿದ ಮೇಲೂ ಒಂದು ವಾರ ಮೂರು ಕಳೆದು, ಹಾಲಿನವ ಬೇಗ ಬಂದ ಅಂತ ಗಾಬರಿಯಾಗುತ್ತಿದ್ದಳು.

ಸರಿಯಾದ ಟೈಮು ಅನ್ನುವುದೂ ನಮ್ಮ ಕಡೆ ತಮಾಷೆಯೇ. ಧಾರವಾಡ ಇರುವುದು 75 ಡಿಗ್ರಿ ರೇಖಾಂಶದಲ್ಲಿ. ಭಾರತದ ಟೈಮು 82.5 ಡಿಗ್ರಿಯದು. ಅಂದರೆ ನಮ್ಮ ನೆತ್ತಿಯ ಮೇಲೆ ಸೂರ್ಯ ಬರುವಾಗ ಗಡಿಯಾರದಲ್ಲಿ ಹೆಚ್ಚೂಕಡಿಮೆ ಹನ್ನೆರಡೂವರೆ. 1906ಕ್ಕೆ ಮೊದಲು ಇನ್ನೂ ಗೊಂದಲ. ಊರು ಮುಂಬಯಿ ಪ್ರಾಂತ್ಯದ್ದು, ರೈಲು ಮದ್ರಾಸ್ ಟೈಮಿನದು. ಎರಡಕ್ಕೂ ಸುಮಾರು ಅರ್ಧ ತಾಸಿನ ವ್ಯತ್ಯಾಸ. ನಮ್ಮಜ್ಜ ಯಾಕೆ ಗಡಿಯಾರವನ್ನು ಯಾವಾಗಲೂ ಹತ್ತು ನಿಮಿಷ ಮುಂದೆ ಇಡುತ್ತಿದ್ದರು ಅನ್ನುವುದಕ್ಕೆ ಇದು ಕಾರಣ ಅಲ್ಲ. ಅವರಿಗೆ ಬಸ್ ತಪ್ಪುವ ಭಯ, ಅಷ್ಟೇ. ಆದರೆ ಜರ್ಮನರ ಮುಂದೆ ನಾನು ಮದ್ರಾಸ್ ಟೈಮಿನ ಕಥೆಯನ್ನೇ ಹೇಳುತ್ತೇನೆ.

ಒಂದು ಸಲ ಮನೆಗೆ ಸುಣ್ಣ ಬಳಿಸಿದೆವು. ಮರುದಿನದಿಂದ ಗಡಿಯಾರ ಐದು ನಿಮಿಷ ನಡೆದು ನಿಲ್ಲತೊಡಗಿತು. ಹುಬ್ಬಳ್ಳಿಯ ದುರ್ಗದ ಬೈಲ್ ಹತ್ತಿರ ಗಡಿಯಾರ ರಿಪೇರಿ ಮಾಡುವ ಚಾಚಾ ಒಬ್ಬರಿದ್ದರು. ಅಜ್ಜ ಅವರನ್ನೇ ಕರೆತಂದರು. ಚಾಚಾ ಚೀಲ ಬಿಚ್ಚಲಿಲ್ಲ. ಕಣ್ಣು ಮುಚ್ಚಿ ಟಿಕ್ ಟಿಕ್ ಕೇಳಿದರು.

‘ಅಜ್ಜಾರ, ಇದು ಕುಂಟಾಕತ್ತೈತ್ರಿ.’

ಪೆಟ್ಟಿಗೆಯ ಬುಡವನ್ನು ಒಂದು ಬೆರಳು ಎಡಕ್ಕೆ ಸರಿಸಿದರು. ಸದ್ದು ಸಮ ಆಯಿತು. ಅಜ್ಜ ಬಹಳ ವರ್ಷದ ಹಿಂದೆ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದಿಟ್ಟಿದ್ದರಂತೆ, ಗಡಿಯಾರ ನೇರ ನಿಲ್ಲಲಿ ಅಂತ. ಸುಣ್ಣದಲ್ಲಿ ಅದು ಮುಚ್ಚಿಹೋಗಿತ್ತು. ಚಾಚಾ ಚಹಾ ಕುಡಿದು, ಹೊಸ ಗೆರೆ ಎಳೆದು ಹೋದರು. ಬೇಸಿಗೆಯಲ್ಲಿ ತಡವಾದರೆ ಏನು ಮಾಡಬೇಕು ಅಂತಲೂ ಅವರೇ ತೋರಿಸಿಕೊಟ್ಟದ್ದು. ಬಿಸಿಲಿಗೆ ಪೆಂಡುಲಮ್ಮಿನ ಕಂಬಿ ಹಿಗ್ಗುತ್ತದೆ. ಹತ್ತು ಡಿಗ್ರಿ ಏರಿದರೆ ಉಕ್ಕಿನ ಕಂಬಿ ದಿನಕ್ಕೆ ಸುಮಾರು 5 ಸೆಕೆಂಡ್ ಹಿಂದೆ ಬೀಳುತ್ತದೆ. ಕೆಳಗಿನ ತಿರುಪನ್ನು ಒಂಚೂರು ಮೇಲಕ್ಕೆ ತಿರುಗಿಸಿದರೆ ಸರಿ.

ಪೇಢೆ ಡಬ್ಬಿಯ ಯಂತ್ರವನ್ನು ಇಲ್ಲಿಯ ಒಬ್ಬ ಹಳೆ ಕೆಲಸಗಾರರಿಗೆ ತೋರಿಸಿದೆ. ಅವರು ಕಣ್ಣಿಗೆ ಗಾಜು ಹಾಕಿಕೊಂಡು ನೋಡಿದರು, ಮುಖ ಸಿಂಡರಿಸಿದರು. ಒಂದು ಕಡೆ ಬೆಸುಗೆ, ಒಂದು ಚಕ್ರಕ್ಕೆ ಅರದಿಂದ ತಿಕ್ಕಿ ಕೂರಿಸಿದ ಹಲ್ಲು, ಇನ್ಯಾವುದೋ ಗಡಿಯಾರದ ಸ್ಪ್ರಿಂಗು. ‘ಇದೆಲ್ಲಾ ತೆಗೆದು ಅಸಲು ಭಾಗ ಹಾಕೋಣ, ಬೆಲೆ ಬರುತ್ತದೆ’ ಅಂದರು. ಹಿಂದಿನ ತಗಡಿನ ಮೇಲೆ ಸೂಜಿಯಿಂದ ಗೀಚಿದ ತಾರೀಖುಗಳೂ ಇದ್ದವು, ಬಿಚ್ಚಿ ಎಣ್ಣೆ ಹಾಕಿದ ಲೆಕ್ಕ. ಕೊನೆಯದು 1987. ನಾನು ಹಲ್ಲು ಮುಟ್ಟಬೇಡಿ ಅಂದೆ. ತೊಳೆದು ಎಣ್ಣೆ ಹಾಕಿ ಸಾಕು. ಸಂಗ್ರಹಕಾರರು ಏನಾದರೂ ಅನ್ನಲಿ, ಆ ಹಲ್ಲು ನನಗೆ ಶ್ರಾಂಬರ್ಗಿನ ಹಲ್ಲಿಗಿಂತ ಹೆಚ್ಚು. ಅವರು ತಲೆ ಅಲ್ಲಾಡಿಸಿದರು, ಆದರೆ ಕೆಲಸ ಚೊಕ್ಕ ಮಾಡಿಕೊಟ್ಟರು. ಈಗ ಅದು ನನ್ನ ಟೇಬಲ್ಲಿನ ಮೇಲೆ ಎರಡು ಹಲಗೆ ನಡುವೆ ನಿಂತು, ಡಯಲಿಲ್ಲದೆ ನಡೆಯುತ್ತಿದೆ.

ಇಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಟೈಮನ್ನು ಒಂದು ತಾಸು ಹಿಂದಕ್ಕೆ ಹಾಕುತ್ತಾರೆ. ತಾಸು ಬಡಿಯುವ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸುವಂತಿಲ್ಲ, ಎಣಿಕೆ ತಪ್ಪುತ್ತದೆ. ಸಂತೆಯಲ್ಲಿ ಕೊಂಡ ಗಡಿಯಾರವನ್ನು ನಾನೇ ಹೇಗೋ ಬಿಚ್ಚಿ ನಡೆಸಿಕೊಂಡಿದ್ದೇನೆ. ಅದನ್ನು ನಿಲ್ಲಿಸಿ ಒಂದು ತಾಸು ಕಾದು ಮತ್ತೆ ಬಿಡಬೇಕು. ಆ ತಾಸಿನಲ್ಲಿ ಅಣ್ಣನಿಗೆ ಫೋನ್ ಮಾಡಿದೆ. ಈ ಸಲ ಊರಿಗೆ ಬರುವಾಗ ಯಂತ್ರ ವಾಪಸ್ ತರುತ್ತೇನೆ, ಸೆಲ್ ಮಷೀನ್ ತೆಗೆಸೋಣ ಅಂದೆ.

‘ತಾ, ಕೂಡ್ರಿಸೋಣಂತ. ಚಾಚಾನ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಕವರ್ ಮಾರ್ತಾರ. ಆದ್ರೂ ಯಾರರ ಸಿಗ್ತಾರ.’ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಅಲ್ಲೋ ತಮ್ಮಾ, ನನಗ ಮೊಣಕಾಲ ನೋವು, ಹುಡುಗರು ಬೆಂಗಳೂರಾಗ. ಪ್ರತಿ ಐತವಾರ ಸ್ಟೂಲ್ ಹತ್ತಿ ಕೀಲಿ ಕೊಡಾಕ ನೀ ಬರ್ತೀ ಏನು?’