ತಂಗಡಿ ಗಿಡವನ್ನೂ ಸಾಯಿಸಿದವನು

ಮನಿ ಪ್ಲಾಂಟ್ ಸಾಯಿಸಿದವರು ಬೇಕಾದಷ್ಟು ಜನ ಸಿಗುತ್ತಾರೆ. ಗುಲಾಬಿ ಸಾಯಿಸಿದವರಂತೂ ಮನೆಗೊಬ್ಬರು. ಆದರೆ ತಂಗಡಿ ಗಿಡವನ್ನು ಸಾಯಿಸಿದವನು, ಅದೂ ಒಂದಲ್ಲ ಮೂರು ಸಲ ಸಾಯಿಸಿದವನು, ಪಾವಗಡ ತಾಲ್ಲೂಕಿನಲ್ಲಿ ಹುಟ್ಟಿದವರ ಪೈಕಿ ಬಹುಶಃ ನಾನೊಬ್ಬನೇ.

ತಂಗಡಿ ಗೊತ್ತಲ್ವಾ? ಆವರಿಕೆ ಅಂತಲೂ ಕರೆಯುತ್ತಾರೆ, ಹೊನ್ನಾವರಿಕೆ ಅಂತಲೂ ಉಂಟು, ನಮ್ಮ ಕಡೆ ಅರ್ಧ ಊರು ತೆಲುಗು ಮಾತಾಡುವುದರಿಂದ ತಂಗೇಡು ಅಂದರೂ ನಡೆಯುತ್ತದೆ. ಶಿರಾ ದಾಟಿ ಹಿರಿಯೂರಿನ ಕಡೆ ಹೋಗುವಾಗ ರಸ್ತೆ ಪಕ್ಕದ ಕಲ್ಲುನೆಲದಲ್ಲಿ ಎದೆಮಟ್ಟ ಬೆಳೆದು, ಮೈತುಂಬ ಅರಿಶಿನ ಬಣ್ಣದ ಹೂ ಹೊತ್ತು ನಿಂತಿರುತ್ತಲ್ಲ, ಅದೇ. ಅದನ್ನು ಯಾರೂ ನೆಟ್ಟಿಲ್ಲ. ಯಾರೂ ನೀರು ಹಾಕಿಲ್ಲ. ದನ ಕೂಡ ಮೂಸಿ ನೋಡಿ ಮುಂದೆ ಹೋಗುತ್ತದೆ. ನಮ್ಮ ತಾಲ್ಲೂಕಿನಲ್ಲಿ ಮಳೆ ನಂಬಿ ಕೂತರೆ ಆಗಲ್ಲ ಅಂತ ಈಗ ಸುಮಾರು 13,000 ಎಕರೆಯಲ್ಲಿ ಬಿಸಿಲನ್ನೇ ಬೆಳೆಯುತ್ತಿದ್ದಾರೆ. 2,050 ಮೆಗಾವಾಟಿನ ಸೋಲಾರ್ ಪಾರ್ಕು. ಆ ಬಿಸಿಲಲ್ಲಿ ನಗುನಗುತ್ತಾ ಬದುಕುವ ಗಿಡ, ಬೆಂಗಳೂರಿನ ನಮ್ಮ ಟೆರೇಸಿಗೆ ಬಂದು ಐದು ದಿನಕ್ಕೆ ಸತ್ತುಹೋಯಿತು.

ಆಸೆ ಶುರುವಾಗಿದ್ದು ದೀಪಾವಳಿಯಿಂದ. ಚಿಕ್ಕವನಿದ್ದಾಗ ಬಲಿಪಾಡ್ಯಮಿ ಬೆಳಿಗ್ಗೆ ಅಮ್ಮ ಸಗಣಿಯಲ್ಲಿ ಕೆರಕ, ಅಂದರೆ ಪೂಜೆಯ ಪುಟ್ಟ ಉಂಡೆ, ಮಾಡಿ ಬಾಗಿಲಲ್ಲಿ ಇಡುತ್ತಿದ್ದಳು, ಅದರ ತಲೆಗೆ ಚುಚ್ಚಲು ತಂಗಡಿ ಹೂ ತರುವುದು ನನ್ನ ಕೆಲಸ. ಬೆಂಗಳೂರಿಗೆ ಬಂದ ಮೇಲೆ ಚೆಂಡು ಹೂವಿನಲ್ಲೇ ಹಬ್ಬ ಆಗುತ್ತಿತ್ತು. ಒಂದು ಗಿಡ ನಾವೇ ಯಾಕೆ ಬೆಳೆಸಬಾರದು ಅಂತ ಅನಿಸಿತು. ಕಾಡುಗಿಡ ಅಲ್ವಾ, ಎಷ್ಟು ಕಷ್ಟ ಇರಬಹುದು ಅಂದುಕೊಂಡೆ.

ಊರಿಂದ ವಾಪಸ್ ಬರುವಾಗ ನಮ್ಮ ಹೊಲದ ಬದುವಿನಲ್ಲಿ ಮೊಣಕಾಲೆತ್ತರದ ಒಂದು ಗಿಡ ನೋಡಿ ಹಾರೆ ತಂದು ಅಗೆದೆ. ಅಗೆದೇ ಅಗೆದೆ. ಮೇಲೆ ಒಂದೂವರೆ ಅಡಿ ಇದ್ದ ಗಿಡದ ತಾಯಿಬೇರು ನೀರು ಹುಡುಕಿಕೊಂಡು ಎಲ್ಲಿಗೆ ಹೋಗಿತ್ತೋ ಆ ದೇವರಿಗೇ ಗೊತ್ತು. ಕೊನೆಗೆ ಬಗ್ಗಿ ಎಳೆದಾಗ ಲಟಕ್ ಅಂತ ಎರಡು ಸದ್ದು ಬಂತು. ಒಂದು ಬೇರಿನದು, ಒಂದು ನನ್ನ ಸೊಂಟದ್ದು. ಬೇರಿನ ತುಂಡಿಗೆ ಒದ್ದೆ ಗೋಣಿಚೀಲ ಸುತ್ತಿ, ಸೊಂಟಕ್ಕೆ ಮುಲಾಮು ಹಚ್ಚಿ, ಇಬ್ಬರೂ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಬಂದೆವು. ಹೆಂಡತಿ ಡ್ರೈವ್ ಮಾಡಿದಳು. ತುಮಕೂರು ಬರುವಷ್ಟರಲ್ಲಿ ಗಿಡ ತಲೆ ಬಗ್ಗಿಸಿತ್ತು. ಆಮೇಲೆ ಗೊತ್ತಾಯಿತು, ಬೆಳೆದ ತಂಗಡಿಯನ್ನು ಕಿತ್ತು ನೆಡುವುದು ಆಗದ ಹೋಗದ ಕೆಲಸ, ಬೀಜದಿಂದಲೇ ಬೆಳೆಸಬೇಕು.

ಬೀಜ ತರಿಸಿದೆ. ಕಾಗದದಂಥ ಚಪ್ಪಟೆ ಕಾಯಿ, ಒಳಗೆ ಸಾಲಾಗಿ ಬೀಜ. ಇಪ್ಪತ್ತು ಬೀಜ ಹಾಕಿ ತಿಂಗಳು ಕಾದೆ. ಕುಂಡದಲ್ಲಿ ಒಂದು ಟೊಮ್ಯಾಟೊ ಸಸಿ ಹುಟ್ಟಿತು. ಅದು ಹೇಗೆ ಬಂತು ಅಂತ ಇವತ್ತಿಗೂ ಗೊತ್ತಿಲ್ಲ. ಕೆದಕಿ ನೋಡಿದರೆ ತಂಗಡಿ ಬೀಜಗಳು ಹಾಕಿದ ಹಾಗೇ ಕೂತಿವೆ, ಒಂದಕ್ಕೂ ಒದ್ದೆಯಾದ ಲಕ್ಷಣವೇ ಇಲ್ಲ. ಇದರ ಸಿಪ್ಪೆ ಕಲ್ಲಿನಂಥದ್ದು, ನೀರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಒಂದು ಸಣ್ಣ ಮಳೆಗೆ ಮೋಸಹೋಗಿ ಮೊಳೆತರೆ ಮುಂದಿನ ಬಿಸಿಲಿಗೆ ಸಾಯಬೇಕಾಗುತ್ತದಲ್ಲ, ಅದಕ್ಕೇ ಈ ಹುಷಾರು. ಬಿಸಿನೀರು ಸುರಿದು ಒಂದು ರಾತ್ರಿ ನೆನೆಹಾಕಿದರೆ ಸಿಪ್ಪೆ ಸಡಿಲವಾಗುತ್ತದೆ ಅಂತ ಊರಿನಿಂದ ಸಲಹೆ ಬಂತು. ನಾನು ಪಾತ್ರೆಗೆ ನೀರು ಹಾಕಿ, ಬೀಜವನ್ನೂ ಹಾಕಿ, ಒಲೆ ಹಚ್ಚಿದೆ. ಅಷ್ಟರಲ್ಲಿ ಒಂದು ಫೋನ್ ಬಂತು. ಫೋನ್ ಮುಗಿಸಿ ಬಂದಾಗ ಹೆಂಡತಿ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಿದ್ದಳು. "ಬೆಂದಿದೆ. ಒಗ್ಗರಣೆ ಹಾಕಲಾ, ಉಸ್ಲಿ ತರಹ?" ಅಂದಳು.

ಅದು ಎರಡನೇ ಕೊಲೆ.

ಮೂರನೇ ಸಲ ಬೆಂಕಿಯ ಸಹವಾಸವೇ ಬೇಡ ಅಂತ ಉಪ್ಪುಕಾಗದ ತಂದು ಒಂದೊಂದೇ ಬೀಜವನ್ನು ಉಜ್ಜಿದೆ. ನಲವತ್ತು ಬೀಜ, ಒಂದು ಭಾನುವಾರ. ಬೀಜ ಎಷ್ಟು ಸವೆಯಿತೋ ನನ್ನ ಬೆರಳೂ ಅಷ್ಟೇ ಸವೆಯಿತು ಅಂತ ಸೋಮವಾರ ಆಫೀಸಿನ ಬಾಗಿಲಲ್ಲಿ ಗೊತ್ತಾಯಿತು. ಹಾಜರಿ ಮೆಷಿನ್ನು ನನ್ನನ್ನು ಗುರುತು ಹಿಡಿಯಲಿಲ್ಲ. ಒಂದು ವಾರ ಸೆಕ್ಯೂರಿಟಿಯವರ ಪುಸ್ತಕದಲ್ಲಿ ಸಹಿ ಮಾಡಿ ಒಳಗೆ ಹೋದೆ. ಕಾರಣ ಅನ್ನುವ ಜಾಗದಲ್ಲಿ ಮೊದಲ ದಿನ "ತಂಗಡಿ" ಅಂತ ಬರೆದಿದ್ದೆ, ಅವರು ಅದನ್ನು ಕಾಯಿಲೆ ಅಂದುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

ಆದರೆ ಸಸಿ ಬಂದವು! ಏಳು. ಈ ಖುಷಿಯಲ್ಲೇ ನಾನು ಕೆಟ್ಟೆ. ಎರೆಗೊಬ್ಬರ, ತೆಂಗಿನ ನಾರಿನ ಪುಡಿ, ಬೆಳಿಗ್ಗೆ ಒಂದು ಚೊಂಬು ನೀರು, ಸಂಜೆ ಒಂದು ಚೊಂಬು. ಎಲೆ ಹಳದಿಯಾಯಿತು, ಪಾಪ ಬಾಯಾರಿರಬೇಕು ಅಂತ ಇನ್ನೊಂದು ಚೊಂಬು. ಇನ್ನೂ ಹಳದಿಯಾಯಿತು. ಪಕ್ಕದಲ್ಲಿ ಕೂತು ಮಾತಾಡಿಸಿದೆ ಕೂಡ, ಗಿಡಕ್ಕೆ ಕೇಳಿಸುತ್ತೆ ಅಂತಾರಲ್ಲ. ತಂಗಡಿಗಂತೂ ನಿಜವಾಗಿ ಕಿವಿ ಇದೆ. ಎಲೆದಂಟಿನ ಬುಡದಲ್ಲಿ ಕಿವಿಯಾಕಾರದ ಪುಟ್ಟ ಎಲೆ ಇರುತ್ತದೆ, ವಿಜ್ಞಾನದ ಹೆಸರು ಸೆನ್ನಾ ಆರಿಕ್ಯುಲೇಟಾ ಅಂತ ಬಂದಿದ್ದೂ ಅದರಿಂದಲೇ. ಅಷ್ಟು ಕಿವಿ ಇಟ್ಟುಕೊಂಡೂ ನನ್ನ ಒಂದು ಮಾತನ್ನೂ ಕೇಳದೆ ಆರು ಸಸಿಗಳು ಬುಡ ಕೊಳೆತು ಮಲಗಿದವು. ಮೇಲಿನ ಮನೆಯ ತಮಿಳು ತಾತ ಬಂದು ನೋಡಿ, "ಆವಾರಂ ಹೂ ಬಿಟ್ಟ ಕಡೆ ಸಾಯುವವರನ್ನು ಯಾರಾದರೂ ಕಂಡಿದ್ದೀರಾ ಅಂತ ನಮ್ಮಲ್ಲಿ ಗಾದೆ ಇದೆ" ಅಂದರು. ಆಮೇಲೆ ಕುಂಡಗಳ ಕಡೆ ಇನ್ನೊಮ್ಮೆ ನೋಡಿ, "ಅದು ಮನುಷ್ಯರ ವಿಷಯಕ್ಕೆ ಹೇಳಿದ್ದು" ಅಂತ ಸೇರಿಸಿದರು.

ಏಳನೆಯದು ಉಳಿಯಿತು. ಯಾಕೆ ಗೊತ್ತಾ? ಅದರ ಕುಂಡ ಹಳೇ ಕೂಲರಿನ ಹಿಂದೆ ಸರಿದುಹೋಗಿತ್ತು, ನನಗೆ ಕಾಣಿಸಿರಲಿಲ್ಲ. ಎರಡು ತಿಂಗಳ ನಂತರ ಕೂಲರ್ ಗುಜರಿಗೆ ಹಾಕುವಾಗ ನೋಡಿದರೆ, ಒಡೆದ ಕುಂಡದಲ್ಲಿ, ಒಣ ಮಣ್ಣಿನಲ್ಲಿ, ಗಟ್ಟಿಮುಟ್ಟಾಗಿ ನಿಂತಿದೆ. ನನ್ನನ್ನು ನೋಡಿ ಹೆದರಿಕೊಂಡ ಹಾಗೆ ಅನಿಸಿತು. ಚೊಂಬು ತರಲು ಎದ್ದೆ, ಹೆಂಡತಿ ಕೈ ಹಿಡಿದು ಕೂರಿಸಿದಳು. ಅವತ್ತಿಂದ ಆ ಗಿಡದ ಹತ್ತಿರ ಹೋಗಲು ನನಗೆ ಅನುಮತಿ ಬೇಕು.

2024ರ ಮಾರ್ಚ್ ನೆನಪಿದೆಯಲ್ವಾ, ಬೆಂಗಳೂರಿನಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕಾದು, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶ ಬಂದಿತ್ತು. ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರ ಬಾಲ್ಕನಿಯೂ ಕಂದುಬಣ್ಣಕ್ಕೆ ತಿರುಗಿತು. ನಮ್ಮ ತಂಗಡಿ ಮಾತ್ರ ಹಸಿರು. ವಾಟ್ಸಾಪ್ ಗುಂಪಿನಲ್ಲಿ ಅದರ ಫೋಟೋ ಬಂತು, ಕೆಳಗೆ "ಕೆಲವರು ರಾತ್ರಿ ಹೊತ್ತು ಏನು ಮಾಡ್ತಾರೆ ಅಂತ ಗೊತ್ತಿದೆ" ಅಂತ ಒಂದು ಸಾಲು. ಜೀವನದಲ್ಲಿ ಮೊದಲ ಸಲ ನೀರು ಹಾಕದೆ ಇದ್ದಾಗಲೇ ನನ್ನ ಮೇಲೆ ನೀರು ಹಾಕಿದ ಆರೋಪ! ಬಂದು ಮಣ್ಣಿಗೆ ಬೆರಳು ಹಾಕಿ ನೋಡಿ ಅಂತ ಸವಾಲು ಹಾಕಿದೆ. ಮೂರು ಜನ ನಿಜವಾಗಿಯೂ ಬಂದು ಬೆರಳು ಹಾಕಿ ನೋಡಿದರು. ಒಬ್ಬರ ಉಗುರು ಮುರಿಯಿತು.

ಮುಂಗಾರು ಬಂತು, ಎಲೆ ತುಂಬಿತು, ಒಂದು ಬೆಳಿಗ್ಗೆ ನೋಡಿದರೆ ಎಲೆಯೇ ಇಲ್ಲ, ಬರೀ ಕಡ್ಡಿ. ಕಡ್ಡಿಯ ಮೇಲೆ ಹಸಿರು ಹುಳುಗಳು ಹಬ್ಬದೂಟ ಮುಗಿಸಿದವರ ಹಾಗೆ ಮಲಗಿವೆ. ಬೇವಿನೆಣ್ಣೆ ಕಲಸಿ ತಂದೆ. ಮಗಳು ಅಡ್ಡ ನಿಂತಳು. ಅವು ಚಿಟ್ಟೆ ಆಗುತ್ತವಂತೆ, ತಿಳಿಹಸಿರು ಮಿಶ್ರಿತ ಬಿಳಿ ಚಿಟ್ಟೆ, ಇಂಗ್ಲಿಷಿನಲ್ಲಿ ಎಮಿಗ್ರೆಂಟ್ ಅಂತ ಹೆಸರಂತೆ. ಊರು ಬಿಟ್ಟು ಬಂದವರು ಊರಿನವರ ಮನೆ ಹುಡುಕಿಕೊಂಡು ಊಟಕ್ಕೆ ಬಂದಿದ್ದಾರೆ, ಬೇಡ ಅನ್ನೋಕಾಗುತ್ತಾ? ಸುಮ್ನೆ ಬೇವಿನೆಣ್ಣೆ ಒಳಗಿಟ್ಟೆ. ಹದಿನೈದು ದಿನದಲ್ಲಿ ಗಿಡ ಮತ್ತೆ ಚಿಗುರಿತು, ನನ್ನ ಸಹಾಯ ಇಲ್ಲದೆ.

ಹಬ್ಬಕ್ಕೆ ಅಮ್ಮ ಬಂದಳು. ಗಿಡ ನೋಡಿದವಳೇ ನಕ್ಕು, "ತಂಗಡಿಗೆ ಕುಂಡ ಬೇರೆ ಕೇಡು" ಅಂದಳು. ತೆಲಂಗಾಣದಲ್ಲಿ ಇದು ರಾಜ್ಯದ ಹೂವು, ಬತುಕಮ್ಮ ಹಬ್ಬದಲ್ಲಿ ಇದನ್ನು ಗೋಪುರದ ಹಾಗೆ ಜೋಡಿಸಿ ಪೂಜೆ ಮಾಡ್ತಾರೆ ಅಂತ ಹೇಳಿದೆ. "ನಿಮ್ಮಜ್ಜ ಇದರ ತೊಗಟೆ ಸುಲಿದು ಚರ್ಮ ಹದ ಮಾಡೋರಿಗೆ ಮಾರ್ತಿದ್ದ" ಅಂದಳು. ಅದೂ ನಿಜವೇ, ಒಂದು ಕಾಲದಲ್ಲಿ ದಕ್ಷಿಣ ಭಾರತದ ಚರ್ಮದ ವ್ಯಾಪಾರವೆಲ್ಲ ಈ ತೊಗಟೆಯನ್ನು ಬಹಳ ನೆಚ್ಚಿಕೊಂಡಿತ್ತು. ಅಷ್ಟರಲ್ಲಿ ಹೆಂಡತಿ ಆನ್‌ಲೈನಿನಲ್ಲಿ ತರಿಸಿದ ಒಣ ಆವರಿಕೆ ಹೂವಿನ ಟೀ ತಂದುಕೊಟ್ಟಳು. ಬೆಲೆ ಕೇಳಿದ ಅಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ನಮ್ಮ ಬದುವಿನಲ್ಲಿ ಎಷ್ಟು ಗಿಡ ಇವೆ ಅಂತ ಬೆರಳೆಣಿಸತೊಡಗಿದಳು.

ಪಾಡ್ಯಮಿಯ ಬೆಳಿಗ್ಗೆ ನಮ್ಮ ಗಿಡದಲ್ಲಿ ಮೊದಲ ಹೂ ಅರಳಿತು. ಎರಡು. ನನಗೆ ಹಬ್ಬದ ದಿನವೂ ಮೀಟಿಂಗು, ಲ್ಯಾಪ್‌ಟಾಪ್ ಹಿಡಿದು ಗಿಡದ ಪಕ್ಕವೇ ಕೂತೆ. ಮಧ್ಯದಲ್ಲಿ ಝುಂಯ್ ಝುಂಯ್ ಅಂತ ಸದ್ದು. ಜೇಬು ಮುಟ್ಟಿ ನೋಡಿಕೊಂಡೆ, ಫೋನ್ ಒಳಗಿತ್ತು. ತಿರುಗಿ ನೋಡಿದರೆ ಕಪ್ಪು ದುಂಬಿಯೊಂದು ಹೂವನ್ನು ತಬ್ಬಿಕೊಂಡು ಗಡಗಡ ನಡುಗುತ್ತಿದೆ. ತಂಗಡಿ ಹೂವಿನಲ್ಲಿ ಮಕರಂದ ಇರುವುದಿಲ್ಲ. ಪರಾಗವನ್ನು ಉಪ್ಪಿನ ಡಬ್ಬಿಯ ಹಾಗೆ ತುದಿಯಲ್ಲಿ ತೂತು ಮಾತ್ರ ಇಟ್ಟು ಮುಚ್ಚಿಟ್ಟಿರುತ್ತದೆ, ಹಿಡಿದು ಅಲ್ಲಾಡಿಸಿದವರಿಗೆ ಮಾತ್ರ ಸಿಗುತ್ತದೆ. ಎಂಥ ಜಿಪುಣ ಗಿಡ ಅಂತ ನಾನು ಬೆರಗಾಗಿ ನೋಡುತ್ತಿರುವಾಗ ಲ್ಯಾಪ್‌ಟಾಪಿನಿಂದ ಮ್ಯಾನೇಜರ್ ಧ್ವನಿ ಬಂತು. "ಯಾರದೋ ಫೋನ್ ವೈಬ್ರೇಟ್ ಆಗ್ತಿದೆ, ದಯವಿಟ್ಟು ಮ್ಯೂಟ್ ಮಾಡಿ."

"ಸಾರಿ, ನನ್ನ ಗಿಡದ್ದು" ಅಂದೆ.

ಸದ್ದು ತೊಂದರೆ ಕೊಡದಿರಲಿ ಅಂತ ಒಳಗೆ ಹೋಗಿ ಮೀಟಿಂಗ್ ಮುಗಿಸಿ, ಹೂವಿನ ಫೋಟೋ ತೆಗೆಯಲು ಕ್ಯಾಮೆರಾ ಹುಡುಕಿಕೊಂಡು ಹೊರಗೆ ಬಂದೆ. ಗಿಡದಲ್ಲಿ ಹೂವಿರಲಿಲ್ಲ. ಬಾಗಿಲಲ್ಲಿ ಅಮ್ಮ ಕೆರಕದ ತಲೆಗೆ ಎರಡನ್ನೂ ಚುಚ್ಚಿ, ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು.

"ಇಷ್ಟು ದೊಡ್ಡ ಗಿಡದಲ್ಲಿ ಎರಡೇನೇನೋ ಬಿಟ್ಟಿದ್ದು?" ಅಂದಳು. "ನೀರು ಹಾಕ್ತಿಲ್ವಾ?"