ಸೈಟು ನಿಮ್ಮದೇ, ಖಾತೆ ಯಾರದು?

ನಮ್ಮಲ್ಲಿ ಸೈಟು ಎರಡು ಥರ. ಒಂದು ಥರ್ಟಿ ಫಾರ್ಟಿ, ಇನ್ನೊಂದು ವೆಬ್ಬು. ಮೊದಲನೆಯದನ್ನು ಕೊಳ್ಳುವಾಗ ಚಿಕ್ಕಪೇಟೆಯ ಸೀರೆ ಅಂಗಡಿ ಯಜಮಾನರು 30 ವರ್ಷದ ಇಸಿ ತೆಗೆಸುತ್ತಾರೆ, ಮದರ್ ಡೀಡ್ ಕೇಳುತ್ತಾರೆ, ಖಾತೆ ಎಯೋ ಬಿಯೋ ಅಂತ ಕನ್ನಡಕ ಒರೆಸಿಕೊಂಡು ನೋಡುತ್ತಾರೆ. ಒಬ್ಬ ವಕೀಲರಿಗೆ ತೋರಿಸಿ, ಆ ವಕೀಲರ ಮೇಲೂ ಅನುಮಾನ ಬಂದು ಇನ್ನೊಬ್ಬರಿಗೆ ತೋರಿಸುತ್ತಾರೆ. ಎರಡನೆಯದಕ್ಕೆ ವಾಟ್ಸಾಪಿನಲ್ಲಿ ಒಂದೇ ಸಾಲು: ‘ಎಷ್ಟಾಗತ್ತೆ?’

ಮೂರು ಕೊಟೇಶನ್ ಬರುತ್ತವೆ. ಒಂದು 8 ಸಾವಿರ, ಒಂದು 60 ಸಾವಿರ, ಒಂದು 3 ಲಕ್ಷ. ಮೂರರಲ್ಲೂ ‘ಡೈನಾಮಿಕ್, ರೆಸ್ಪಾನ್ಸಿವ್, ಎಸ್‌ಇಒ ಫ್ರೆಂಡ್ಲಿ’ ಎಂಬ ಮಂತ್ರವಿದೆ. ಎಷ್ಟು ಪುಟ, ಫೋಟೋ ಯಾರು ತೆಗೆಯಬೇಕು, ಸೀರೆಯ ವಿವರ ಯಾರು ಬರೆಯಬೇಕು, ಎಷ್ಟು ಸಲ ತಿದ್ದಿಕೊಡುತ್ತಾರೆ ಎಂಬುದು ಮಾತ್ರ ಮೂರರಲ್ಲೂ ಇಲ್ಲ. ಇರಲಿ. ಷಡ್ಡಕನ ಮಗ ‘ಅವರು ನಂಗೆ ಗೊತ್ತು’ ಎಂದ ಮೇಲೆ ವ್ಯವಹಾರ ಮುಗಿಯಿತು. ಕಂಪನಿ ಕಳಿಸಿದ ಪೋರ್ಟ್‌ಫೋಲಿಯೋದಲ್ಲಿ 12 ಲಿಂಕುಗಳಿದ್ದವು. ಒತ್ತಿ ನೋಡಿದ್ದರೆ ಮೂರು ತೆರೆಯುತ್ತಲೇ ಇರಲಿಲ್ಲ, ಐದು ಒಂದೇ ಥೀಮಿಗೆ ಬೇರೆ ಬೇರೆ ಬಣ್ಣ ಬಳಿದವು. ‘ನಮ್ಮ ತಂಡ’ ಪುಟದ ಗಡ್ಡದ ಬಿಳಿಯ ಒಂದು ಸೈಟಿನಲ್ಲಿ ದಂತವೈದ್ಯ, ಇನ್ನೊಂದರಲ್ಲಿ ಲೆಕ್ಕಪರಿಶೋಧಕ. ಹಳೇ ಗಿರಾಕಿಗಳಲ್ಲಿ ಇಬ್ಬರಿಗೆ ಫೋನ್ ಮಾಡಿ ‘ಸೈಟು ಬಿದ್ದಾಗ ಎಷ್ಟು ದಿನಕ್ಕೆ ಫೋನ್ ಎತ್ತಿದರು?’ ಅಂತ ಕೇಳಿದ್ದರೆ ಸಾಕಿತ್ತು. ಬೋರ್‌ವೆಲ್ ನೀರು ಎಷ್ಟು ಅಡಿಗೆ ಸಿಕ್ಕಿತು ಅಂತ ಆರು ಮನೆಯ ಬಾಗಿಲು ತಟ್ಟಿದ ಯಜಮಾನರಿಗೆ ಈ ಎರಡು ಫೋನಿಗೆ ಪುರುಸೊತ್ತಾಗಲಿಲ್ಲ.

ಇನ್ನು ಖಾತೆಯ ವಿಷಯ. ಡೊಮೇನ್, ಅಂದರೆ ಸೈಟಿನ ವಿಳಾಸ, ಎಂಬುದು ವರ್ಷಕ್ಕೆ ಸಾವಿರ ಚಿಲ್ಲರೆ ರೂಪಾಯಿಯ ಮಾಲು. ಕಂಪನಿಯವರು ಅದನ್ನು ‘ಫ್ರೀ ಸಾರ್’ ಅಂದರು. ಫ್ರೀ ಆದದ್ದು ಹೇಗೆಂದರೆ, ಅವರದೇ ಇಮೇಲು, ಅವರದೇ ಮೊಬೈಲು, ನೋಂದಣಿದಾರನ ಜಾಗದಲ್ಲಿ ಅವರದೇ ಹೆಸರು. ಅಂಗಡಿಯ ಬೋರ್ಡಿನ ಮೇಲೆ, ಕೈಚೀಲದ ಮೇಲೆ, ಬಿಲ್ಲಿನ ಮೇಲೆ ಯಜಮಾನರು ಅಚ್ಚು ಹಾಕಿಸಿದ ವಿಳಾಸದ ಒಡೆಯ ಬೇರೆಯವನು. ಮುಂದೆ ಜಗಳವಾಗಿ ಡೊಮೇನನ್ನು ಬೇರೆ ಕಡೆಗೆ ಒಯ್ಯೋಣವೆಂದರೆ ಆಥ್ ಕೋಡ್ ಎಂಬ ಗುಟ್ಟಿನ ಸಂಕೇತ ಬೇಕು. ಅದು ಸಿಗುವುದು ರಿಜಿಸ್ಟ್ರಾರ್, ಅಂದರೆ ಡೊಮೇನ್ ಮಾರುವ ಸಂಸ್ಥೆಯಲ್ಲಿನ ಖಾತೆ ಯಾರ ಕೈಲಿದೆಯೋ ಅವರಿಗೆ. ಹತ್ತು ನಿಮಿಷ ಕೂತು, ಯಜಮಾನರ ಇಮೇಲಿನಲ್ಲೇ ಖಾತೆ ತೆರೆದು, ಅವರ ಕಾರ್ಡಿನಲ್ಲೇ ದುಡ್ಡು ಕಟ್ಟಿ, ಕಂಪನಿಗೆ ಕೆಲಸಕ್ಕೆ ಬೇಕಾದಷ್ಟು ಪ್ರವೇಶ ಮಾತ್ರ ಕೊಟ್ಟಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಸೈಟಿನ ಕಡತಗಳನ್ನು ಇಡುವ ಬಾಡಿಗೆ ಜಾಗಕ್ಕೂ, ಅಂದರೆ ಹೋಸ್ಟಿಂಗಿಗೂ, ಇದೇ ಮಾತು.

ಕ್ರಯಪತ್ರ? ಅದೂ ಇಲ್ಲ. ಸಂಬಳದ ನೌಕರ ಬರೆದ ಸೈಟಿನ ಕೋಡು ಸಾಮಾನ್ಯವಾಗಿ ಧಣಿಯದು. ಹೊರಗಿನವರು ಬರೆದದ್ದು ದುಡ್ಡು ಕೊಟ್ಟ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಬಿದ್ದಿರಬೇಕು. ಬರೆಸಿಕೊಂಡವರೂ ಅವಧಿ ಕಾಣಿಸದಿದ್ದರೆ ಐದೇ ವರ್ಷ, ಪ್ರದೇಶ ಕಾಣಿಸದಿದ್ದರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ಯಜಮಾನರ ಬಳಿ ಇರುವ ದಾಖಲೆ ‘ಓಕೆ ಸಾರ್’ ಎಂಬ ಸಂದೇಶ ಮತ್ತು ಒಂದು ಹೆಬ್ಬೆಟ್ಟಿನ ಚಿತ್ರ. ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡ ಅಜ್ಜನ ಕಥೆ ಅವರೇ ಹೇಳುತ್ತಿರುತ್ತಾರೆ.

ದುಡ್ಡು ಕೊಟ್ಟ ಬಗೆ ಇನ್ನೂ ಚೆಂದ. ಮನೆ ಕಟ್ಟಿಸುವಾಗ ಮೇಸ್ತ್ರಿಗೆ ಪಾಯಕ್ಕಿಷ್ಟು, ಲಿಂಟೆಲ್‌ಗಿಷ್ಟು, ಮೋಲ್ಡಿಗಿಷ್ಟು ಅಂತ ಎಣಿಸಿ ಕೊಟ್ಟ ಕೈ ಇಲ್ಲಿ ಪೂರ್ತಿ ಅಡ್ವಾನ್ಸ್ ಕೊಟ್ಟಿತು, ‘ಇವತ್ತೇ ಕಟ್ಟಿದರೆ ಶೇ. 20 ಕಡಿಮೆ’ ಎಂದದ್ದಕ್ಕೆ. ವಿನ್ಯಾಸ ಒಪ್ಪಿದಾಗ ಒಂದು ಕಂತು, ಮೊಬೈಲಿನಲ್ಲಿ ಪರೀಕ್ಷೆ ಮುಗಿದಾಗ ಒಂದು ಕಂತು, ಕೊನೆಯ ಶೇ. 10 ಸೈಟು ಒಂದು ತಿಂಗಳು ನೆಟ್ಟಗೆ ನಿಂತ ಮೇಲೆ. ಮೇಸ್ತ್ರಿ ಶಾಸ್ತ್ರ ಇಲ್ಲಿಗೂ ಸರಿಹೋಗುತ್ತಿತ್ತು.

ಹಾಗಂತ ಯಜಮಾನರು ಪರಿಶೀಲನೆಯೇ ಮಾಡಲಿಲ್ಲ ಎನ್ನುವಂತಿಲ್ಲ. ಲೋಗೋ ಎಡಗಡೆ ಮೇಲಿತ್ತು. ಅದು ವಾಯವ್ಯ. ಅಲ್ಲಿ ವ್ಯಾಪಾರ ನೆಲೆ ನಿಲ್ಲುವುದಿಲ್ಲವಂತೆ. ಈಶಾನ್ಯಕ್ಕೆ ಸರಿಸಿದರು. ಸುಮ್ಮನೆ ನಿಂತರೆ ಲಕ್ಷ್ಮಿಯೂ ನಿಂತುಬಿಡುತ್ತಾಳೆಂದು ಅದು ತಿರುಗುವಂತೆಯೂ ಆಯಿತು. ಮೂರು ವಾರ ಹಿಡಿಯಿತು. ಸೀರೆ ವಿವರ ಕೇಳಿದ ಹುಡುಗನಿಗೆ ಸಿಕ್ಕ ಉತ್ತರ: ‘ಪಕ್ಕದ ಅಂಗಡಿಯೋರ ಸೈಟಿಂದ ತಗೊಳಪ್ಪಾ.’

ಅಕ್ಷಯ ತೃತೀಯದ ದಿನ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು ಉದ್ಘಾಟನೆ. ಕಂಪನಿಯ ವೈಫೈನಲ್ಲಿ ಸೈಟು ಮಿಂಚಿತು. ಗಿರಾಕಿಯ ಹತ್ತು ಸಾವಿರದ ಫೋನಿನಲ್ಲಿ ಮಿಂಚಲಿಲ್ಲ, ಏಕೆಂದರೆ ಮುಖಪುಟದಲ್ಲಿ ಜಾರುವ ಐದು ಚಿತ್ರಗಳು ಕ್ಯಾಮೆರಾದಿಂದ ನೇರ ಬಂದವು. ತಲಾ 4 ಎಂಬಿ, ಒಟ್ಟು 20. ಅಗಲ 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರ ಮಾದರಿಗೆ ಬದಲಿಸಿದರೆ ಐದೂ ಸೇರಿ ಸುಮಾರು ಒಂದು ಎಂಬಿಯಲ್ಲಿ ಕೂರುತ್ತವೆ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕೆಂದು ಗೂಗಲ್ ಹೇಳುತ್ತದೆ. ಅದರ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಅಳೆಯಬಹುದು. ಅಂದು ಅಳೆದದ್ದು ಲಾಡು ಮಾತ್ರ.

ಕನ್ನಡ ಪುಟವೂ ಇತ್ತು. ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪು ಮಾಡಿದ್ದನ್ನು, ಎಲ್ಲ ಫೋನಿಗೂ ಅರ್ಥವಾಗುವ ಯೂನಿಕೋಡಿಗೆ ಬದಲಿಸದೆ ಹಾಗೇ ಅಂಟಿಸಿದ್ದರು. ‘ನ’ ಇದ್ದಲ್ಲೆಲ್ಲ ಪೌಂಡ್ ಚಿಹ್ನೆ ಕುಣಿದು, ಚಿಕ್ಕಪೇಟೆಯವರು ಲಂಡನ್ನಿನ ದರ ಹಾಕಿದ್ದಾರೆಂದು ಗಿರಾಕಿಗಳು ಗಾಬರಿಯಾದರು. ದೂರು ಹೋದ ಮೇಲೆ ಅನುವಾದದ ಪ್ಲಗಿನ್ ಬಂತು. ‘ಹೋಮ್’ ಇದ್ದದ್ದು ‘ಮನೆ’, ‘ಕಾರ್ಟ್’ ಇದ್ದದ್ದು ‘ಬಂಡಿ’. ಮೈಸೂರು ಸಿಲ್ಕನ್ನು ಬಂಡಿಗೆ ಹೇರಿ ಮನೆಗೆ ಹೋಗಿ!

ಆರು ತಿಂಗಳಾದರೂ ಗೂಗಲ್‌ನಲ್ಲಿ ಅಂಗಡಿ ಕಾಣಲಿಲ್ಲ. ಕಂಪನಿ ತಿಂಗಳಿಗೆ 15 ಸಾವಿರದ ಎಸ್‌ಇಒ, ಅಂದರೆ ಹುಡುಕಾಟದಲ್ಲಿ ಸೈಟನ್ನು ಮೇಲೆ ತರುವ, ಪ್ಯಾಕೇಜ್ ಮಾರಿತು, ‘ಮೊದಲ ಸ್ಥಾನ ಗ್ಯಾರಂಟಿ’ ಎಂದು. ಅಂಥ ಗ್ಯಾರಂಟಿ ಯಾರೂ ಕೊಡಲಾರರೆಂದು ಗೂಗಲ್ಲೇ ಬರೆದಿಟ್ಟಿದೆ. ಅಸಲಿಗೆ ಸೈಟು ಕಟ್ಟಿದ್ದ ವರ್ಡ್‌ಪ್ರೆಸ್ ತಂತ್ರಾಂಶದ ರೀಡಿಂಗ್ ಸೆಟ್ಟಿಂಗ್‌ನಲ್ಲಿ, ಸರ್ಚ್ ಎಂಜಿನ್‌ಗಳು ಒಳಗೆ ಬರದಿರಲಿ ಎಂಬ ಚೌಕವೊಂದಿದೆ. ಕಟ್ಟುವಾಗ ಟಿಕ್ ಹಾಕಿದ್ದರು, ತೆಗೆಯಲು ಮರೆತಿದ್ದರು. ಸೈಟಿಗೆ ಬೀಗದ ಗುರುತು ತರುವ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆಂದು ವರ್ಷಕ್ಕೆ 3 ಸಾವಿರ ಬೇರೆ. ಅದೇ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಪುಕ್ಕಟೆ ಕೊಡುತ್ತದೆ, ಸರ್ವರ್ ತಾನೇ ನವೀಕರಿಸಿಕೊಳ್ಳುತ್ತದೆ.

ಎರಡನೇ ವರ್ಷ ಕಂಪನಿಯ ಬಾಗಿಲಿಗೆ ‘ಬಾಡಿಗೆಗೆ ಇದೆ’ ಬೋರ್ಡು ಬಿತ್ತು. ಡೊಮೇನ್ ಅವಧಿ ಮುಗಿಯಿತೆಂಬ ಎಚ್ಚರಿಕೆಗಳೆಲ್ಲ ಅವರ ಇಮೇಲಿಗೇ ಹೋದವು. ಡಾಟ್ ಕಾಮ್ ಆದರೆ ರಿಜಿಸ್ಟ್ರಾರ್ ಕೊಡುವ ವಾಯಿದೆ ಕಳೆದ ಮೇಲೂ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಆಮೇಲೆ ಐದು ದಿನ ಯಾರಿಗೂ ಸಿಗದು, ಆಮೇಲೆ ಬಯಲು, ಯಾರು ಬೇಕಾದರೂ ಕೊಳ್ಳಬಹುದು. ಯಜಮಾನರಿಗೆ ಗೊತ್ತಾದದ್ದು ಮೈಸೂರಿನ ಬೀಗರು ಫೋನ್ ಮಾಡಿ, ‘ಏನ್ ಸ್ವಾಮಿ, ಅಂಗಡೀಲಿ ಈಗ ರಮ್ಮಿ ಆಡಿಸ್ತೀರಂತೆ?’ ಎಂದಾಗ. ಆಗ ಅವರು ಇನ್ನೊಂದು ಥರ್ಟಿ ಫಾರ್ಟಿಯ ಇಸಿಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೂತಿದ್ದರು.

ಸಂಜೆಯೇ ಹೊಸ ಕಂಪನಿಯ ಹುಡುಗ ಬಂದ. ಕಾಫಿ ತರಿಸಿ, ಕುರ್ಚಿ ಎಳೆದು ಕೂತು, ಯಜಮಾನರು ಸೀದಾ ವಿಷಯಕ್ಕೆ ಬಂದರು:

‘ಹಳೇದ್ರಲ್ಲಿ ಲೋಗೋ ತಿರುಗ್ತಿತ್ತಪ್ಪಾ. ನಿಮ್ಮದ್ರಲ್ಲೂ ತಿರುಗತ್ತಾ?’