ನಲವತ್ತಮೂರು ಫೋಟೋ ಕಳಿಸಿದ್ದೆ, ಹಾಕಿದ್ದು ಒಂದೇ

ನಿನ್ನೆಯಿಂದ ತಲೆಬಿಸಿ. ಬರೆಯದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ. ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಓದಿ ಮಾರಾಯ್ರೆ.

ನಾನು ರಜೆಯಲ್ಲಿ ಊರಿಗೆ ಬಂದಿರುವುದು ನಿಮಗೆಲ್ಲ ಗೊತ್ತು. ತಾಂಜಾನಿಯಾಕ್ಕೆ ಹೋದ ಹನ್ನೆರಡು ವರ್ಷದಲ್ಲಿ ಇದು ಮೂರನೇ ರಜೆ. ನಿನ್ನೆ ಮಿಷನ್ ಸಂಡೆ, ಮಿಷನ್ ಕೆಲಸಕ್ಕೆ ಅಂತ ಕಾಣಿಕೆ ಎತ್ತುವ ಭಾನುವಾರ. ಒಂದು ಚರ್ಚಿನಲ್ಲಿ (ಯಾವುದು ಅಂತ ಕೇಳಬೇಡಿ, ಹೇಳುವುದಿಲ್ಲ) ಪೂಜೆ ಮುಗಿದ ಮೇಲೆ ಹತ್ತು ನಿಮಿಷ ಮಾತಾಡಲು ಕರೆದಿದ್ದರು. ವಾರ ಮೊದಲೇ ಯುವಕರು ಫೋನ್ ಮಾಡಿ, "ಸಿಸ್ಟರ್, ಫೋಟೋ ಕಳಿಸಿ, ಸ್ಕ್ರೀನಲ್ಲಿ ಹಾಕುವಾ" ಅಂದರು. ನನಗೂ ಖುಷಿ. ಎರಡು ರಾತ್ರಿ ಕೂತು ಆರಿಸಿದೆ. ಒಂದೇ ಬಣ್ಣದ ಕಿತೆಂಗೆ ಬಟ್ಟೆ ಹೊಲಿಸಿಕೊಂಡು ಕುಣಿಯುತ್ತಾ ಹಾಡುವ ನಮ್ಮ ಕ್ವಾಯರ್ ಹೆಂಗಸರು. ಪೂಜೆಯ ನಂತರದ ಏಲಂನಲ್ಲಿ ಹುಂಜವನ್ನು ತಲೆಕೆಳಗಾಗಿ ಹಿಡಿದು ದರ ಕೂಗುತ್ತಿರುವ ಕ್ಯಾಟೆಕಿಸ್ಟ್ (ಧರ್ಮಪಾಠ ಹೇಳಿಕೊಡುವವರು). ಮಾವಿನ ಮರದ ಕೊಂಬೆಗೆ ತಕ್ಕಡಿ ನೇತುಹಾಕಿ ಮಕ್ಕಳನ್ನು ತೂಗುವುದು. ಪರೀಕ್ಷೆ ಮುಗಿಸಿ ಸಮವಸ್ತ್ರಕ್ಕೆ ಶಾಯಿ ಎರಚಿಕೊಂಡ ಹುಡುಗಿಯರು. ಒಟ್ಟು ನಲವತ್ತಮೂರು.

ಸ್ಕ್ರೀನಲ್ಲಿ ಬಂದದ್ದು ಒಂದು. ಹತ್ತು ನಿಮಿಷವೂ ಅದೇ. ಒಂದು ಪುಟ್ಟ ಹುಡುಗಿ ಅಳುತ್ತಿದ್ದಾಳೆ, ಕೆನ್ನೆಯ ಮೇಲೆ ನೀರು. ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ, "ಹಸಿದ ಆಫ್ರಿಕಾ ನಿಮ್ಮನ್ನು ಕೂಗುತ್ತಿದೆ." ಹಿನ್ನೆಲೆಯಲ್ಲಿ ಪಿಟೀಲು ಬೇರೆ.

ಆ ಮಗುವಿಗೆ ಹಸಿವೆ ಇರಲಿಲ್ಲ. ಅದು ಅತ್ತದ್ದು ನಾನು ಬೆರಳು ಚುಚ್ಚಿದ್ದಕ್ಕೆ! ಜ್ವರ ಅಂತ ಬಂದವರಿಗೆಲ್ಲ ನಮ್ಮಲ್ಲಿ ಮೊದಲು ಮಲೇರಿಯಾ ಪರೀಕ್ಷೆ. ಒಂದು ಹನಿ ರಕ್ತ ಪಟ್ಟಿಯ ಮೇಲೆ ಬಿಟ್ಟು, ಹದಿನೈದು ನಿಮಿಷ ಕಾಯಬೇಕು. ಆ ಹದಿನೈದು ನಿಮಿಷದಲ್ಲಿ ಅವಳು ನನ್ನ ಮೇಜಿನ ಮೇಲಿದ್ದ ಬಿಸ್ಕತ್ತಿನ ಪೊಟ್ಟಣ ಪೂರ್ತಿ ಖಾಲಿ ಮಾಡಿದಳು. ಅವಳ ಅಮ್ಮ ನಮ್ಮ ಆರೋಗ್ಯ ಕೇಂದ್ರದ ಲ್ಯಾಬ್ ಟೆಕ್ನಿಷಿಯನ್. ದಿನಕ್ಕೆ ಎಷ್ಟೋ ಮಕ್ಕಳ ಬೆರಳು ಚುಚ್ಚುವವಳಿಗೆ ಸ್ವಂತ ಮಗಳ ಬೆರಳು ಚುಚ್ಚಲು ಕೈ ಬರಲಿಲ್ಲ. "ಸಿಸ್ಟಾ, ನೀವೇ ಮಾಡಿ" ಅಂದಳು. ಮಗಳನ್ನು ಹಿಡಿದುಕೊಂಡು ನಗುತ್ತಾ ನಿಂತಳು. ಪಕ್ಕದಲ್ಲಿದ್ದ ಯಾರೋ ನನ್ನ ಮೊಬೈಲಲ್ಲಿ ಕ್ಲಿಕ್ ಮಾಡಿದರು. ನನಗೆ ಆ ಫೋಟೋ ಇಷ್ಟ ಆದದ್ದು ಅಮ್ಮನ ಆ ನಗುವಿನಿಂದ.

ಆ ನಗುವನ್ನೇ ಕತ್ತರಿಸಿದ್ದಾರೆ. ಅಮ್ಮ ಇಲ್ಲ, ಬಿಳಿ ಕೋಟಿಲ್ಲ, ಹಿಂದಿದ್ದ ಸೂಕ್ಷ್ಮದರ್ಶಕ ಇಲ್ಲ. ಮಗುವಿನ ಭುಜದ ಮೇಲೆ ಒಂದು ಕೈ ಮಾತ್ರ ಉಳಿದಿದೆ. ಇಷ್ಟು ಸಾಲದು ಅಂತ ಫೋಟೋವನ್ನು ಕಪ್ಪು ಬಿಳುಪು ಮಾಡಿದ್ದಾರೆ. ಆ ಫ್ರಾಕು ಹಳದಿ, ಅದರ ಮೇಲೆ ನೀಲಿ ಹಕ್ಕಿಗಳು. ಕ್ರಿಸ್ಮಸ್‌ಗೆ ಹೊಲಿಸಿದ್ದು. ಕಪ್ಪು ಬಿಳುಪಲ್ಲಿ ಅದು ಮಣ್ಣು ಮೆತ್ತಿದ ಹರಕು ಬಟ್ಟೆ ಹಾಗೆ ಕಾಣುತ್ತಿತ್ತು. (ಆ ಫೋಟೋ ಇಲ್ಲಿ ಹಾಕಿ ಅಂತ ಕೇಳಬೇಡಿ. ಹಾಕುವುದಿಲ್ಲ.)

ಹೊರಗೆ ಬಂದರೆ ಎಂದಿನ ಪ್ರಶ್ನೆಗಳು. "ಸಿಸ್ಟರ್, ಆಫ್ರಿಕಾದಲ್ಲಿ ಕರೆಂಟ್ ಇದೆಯಾ?" ಆಫ್ರಿಕಾ ಅನ್ನುವುದು ಕಾರ್ಕಳದ ಆಚೆಗಿನ ಒಂದು ಗ್ರಾಮವಾ? 54 ದೇಶ ಇವೆ ಅಲ್ಲಿ. ತಾಂಜಾನಿಯಾ ಒಂದರಲ್ಲೇ 2022ರ ಜನಗಣತಿ ಪ್ರಕಾರ 6.17 ಕೋಟಿ ಜನ. ನಮ್ಮ ಕರ್ನಾಟಕದಲ್ಲಿ 2011ರಲ್ಲಿ 6.11 ಕೋಟಿ ಇದ್ದರು, ಹೆಚ್ಚು ಕಡಿಮೆ ಅಷ್ಟೇ. ಜಾಗ ಮಾತ್ರ ನಮ್ಮ ಐದು ಪಟ್ಟು. ಕರೆಂಟ್ ಕೇಳಿದವರಿಗೆ ಹೇಳಿದೆ, ಕಡಲ ಬದಿಯ ದಾರ್ ಎಸ್ ಸಲಾಮಿನಿಂದ ರಾಜಧಾನಿ ದೊಡೊಮಾಕ್ಕೆ 2024ರಿಂದ ಕರೆಂಟ್ ರೈಲು ಓಡುತ್ತಿದೆ, ನಾಲ್ಕು ಗಂಟೆಯೊಳಗೆ ತಲುಪಿಸುತ್ತದೆ ಅಂತ. ಅಷ್ಟು ಹೊತ್ತಲ್ಲಿ ನಮ್ಮ ಬೆಂಗಳೂರು ರೈಲು ಘಾಟಿಯಲ್ಲಿ ಎಲ್ಲಿರುತ್ತದೆ ನೋಡಿ. ಅವರಿಗೆ ಸ್ವಲ್ಪ ಬೇಜಾರಾದ ಹಾಗೆ ಕಂಡಿತು. ದೊಡೊಮಾದಿಂದ ನಮ್ಮ ತಬೋರಾ ಕಡೆಗೆ ಬಸ್ಸಿನಲ್ಲಿ ಸೊಂಟ ಮುರಿಯುತ್ತದೆ, ಕರೆಂಟೂ ಆಗಾಗ ಹೋಗುತ್ತದೆ. ಅದನ್ನು ಬೇಕೆಂದೇ ಹೇಳಲಿಲ್ಲ.

ಇನ್ನೊಂದು ಪ್ರಶ್ನೆ ಚರ್ಚಿನ ಹೊರಗಿನವರದ್ದು, ಸ್ವಲ್ಪ ಕೊಂಕಿನದ್ದು. "ಎಷ್ಟು ಜನರನ್ನು ಮತಾಂತರ ಮಾಡಿದಿರಿ?" ನಾನು ನರ್ಸ್. ಆ ಊರಿನ ಚರ್ಚು ನನ್ನ ಅಜ್ಜಿಗಿಂತ ಹಳೆಯದು. ಆಫ್ರಿಕಾದ ಮೊದಲ ಕರಿಯ ಕಾರ್ಡಿನಲ್ (ಪೋಪರ ನಂತರದ ಸ್ಥಾನ ಅದು) ತಾಂಜಾನಿಯಾದವರೇ, ಲೊರಿಯನ್ ರುಗಾಂಬ್ವಾ, 1960ರಲ್ಲೇ. ನಮ್ಮ ಕೇಂದ್ರದ ವಾಚ್‌ಮನ್ ರಂಜಾನ್ ಉಪವಾಸ ತಪ್ಪಿಸುವುದಿಲ್ಲ, ಈದ್ ದಿನ ಅವನ ಮನೆಯ ಪಿಲಾವು ಕಾನ್ವೆಂಟಿಗೆ ಬರುತ್ತದೆ. ಅದನ್ನು ತಿನ್ನುವುದೂ ಸೇವೆಯೇ ಅಂತ ನಾವು ಲೆಕ್ಕ ಹಾಕಿದ್ದೇವೆ.

ಸೇವೆ ಸೇವೆ ಅನ್ನುತ್ತಾರಲ್ಲ, ನಿಜ ಹೇಳಲಾ? ಅರ್ಧ ಸೇವೆ ರಿಜಿಸ್ಟರ್ ತುಂಬುವುದು. ಮ್ತುಹಾ ಅಂತ ಸರ್ಕಾರದ ಪುಸ್ತಕಗಳಿವೆ, ಹೊರರೋಗಿಗೊಂದು, ಹೆರಿಗೆಗೊಂದು, ಲಸಿಕೆಗೊಂದು. ಮೊದಲು ಗೆರೆ ಎಳೆದು ಲೆಕ್ಕ, ತಿಂಗಳ ಕೊನೆಗೆ ಮೊತ್ತ. ಹೆರಿಗೆ ಮಾಡಿಸುವುದಕ್ಕಿಂತ ಹೆರಿಗೆ ಬರೆಯುವುದು ಕಷ್ಟ. ಉಳಿದ ಅರ್ಧ, ಕಾಯುವುದು. ಮಳೆ ಬರಲಿ ಅಂತ, ಮಳೆ ನಿಲ್ಲಲಿ ಅಂತ, ಔಷಧಿಯ ಗಾಡಿ ಬರಲಿ ಅಂತ.

ಮೊದಲ ವಾರದ ಕಥೆ ಕೇಳಿ. ಲಸಿಕೆ "ಸಾ ತಾತು"ಗೆ ಅಂದರು. ಸ್ವಾಹಿಲಿಯಲ್ಲಿ ಸಾ ಅಂದರೆ ಗಂಟೆ, ತಾತು ಅಂದರೆ ಮೂರು. ನಾನು ಮಧ್ಯಾಹ್ನ ಮೂರಕ್ಕೆ ಜಂಬದಿಂದ ಹೋದರೆ ತಾಯಂದಿರೆಲ್ಲ ಬಂದು ಹೋಗಿ ಆಗಿತ್ತು. ಅಲ್ಲಿ ಗಂಟೆ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ಬೆಳಿಗ್ಗೆ ಏಳು ಅಂದರೆ ಒಂದು, ಒಂಬತ್ತು ಅಂದರೆ ಮೂರು. ನಮ್ಮ ಅಜ್ಜಿ "ಹೊತ್ತು ಹುಟ್ಟಿ ಇಷ್ಟು ಗಳಿಗೆ" ಅನ್ನುತ್ತಿದ್ದರಲ್ಲ, ಅದೇ ಲೆಕ್ಕ. ಅಜ್ಜಿ ಹೋಗಿದ್ದರೆ ಮೊದಲ ದಿನವೇ ಸರಿಯಾದ ಹೊತ್ತಿಗೆ ತಲುಪುತ್ತಿದ್ದರು. ಭಾಷೆಯಲ್ಲೂ ಹೀಗೆಯೇ, ಗೊತ್ತಿಲ್ಲ ಗೊತ್ತಿಲ್ಲ ಅನ್ನುವಾಗ ನಮ್ಮದೇ ಶಬ್ದ ಎದುರು ಬರುತ್ತದೆ. ಚಪಾತಿಗೆ ಚಪಾತಿ, ಲಕ್ಷಕ್ಕೆ ಲಕಿ, ವಿಮೆಗೆ ಬಿಮಾ, ಆಟೋರಿಕ್ಷಾಕ್ಕೆ ಬಜಾಜಿ. ಇನ್ನು ಊಟ ಅಂದರೆ ಅಲ್ಲಿ ಉಗಾಲಿ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅಂತ ಇಟ್ಟುಕೊಳ್ಳಿ. ಕುಚ್ಚಲಕ್ಕಿ ಗಂಜಿ ಬಿಟ್ಟು ಬೇರೇನೂ ಇಳಿಯದಿದ್ದ ಈ ಗಂಟಲಿಗೆ ಅದು ಇಳಿಯಲು ಒಂದು ವರ್ಷ ಬೇಕಾಯಿತು. ಈಗ ಊರಿಗೆ ಬಂದು ಎರಡು ವಾರವಾದರೆ ಅದೇ ನೆನಪು.

ಫೋಟೋ ವಿಷಯಕ್ಕೆ ಬರುತ್ತೇನೆ.

ಕಾರ್ಯಕ್ರಮ ಮುಗಿದ ಮೇಲೆ ಆ ಯುವಕನನ್ನು ಹಿಡಿದೆ. ಒಳ್ಳೆ ಹುಡುಗ, ಜೋರು ಮಾಡಲು ಮನಸ್ಸಾಗಲಿಲ್ಲ. ಅವನು ಹೇಳಿದ್ದು ಇಷ್ಟು. "ಸಿಸ್ಟರ್, ನಗುವ ಫೋಟೋ ಹಾಕಿದರೆ ಯಾರು ದುಡ್ಡು ಹಾಕ್ತಾರೆ? ನಿಮ್ಮ ಕೆಲಸಕ್ಕೇ ಅಲ್ವಾ?" ಪಕ್ಕದಲ್ಲಿದ್ದ ಗುರ್ಕಾರರೂ (ಚರ್ಚಿನ ವಾರ್ಡಿನ ಮುಖಂಡರು) ತಲೆಯಾಡಿಸಿದರು. ಕಾಣಿಕೆ ಕಳೆದ ವರ್ಷಕ್ಕಿಂತ ಜಾಸ್ತಿ ಬಂದಿದೆಯಂತೆ. ಹೋಗಲಿ, ಹಾಗಾದರೆ ಅಳುವ ಮಗುವಿಗೆ ದುಡ್ಡು, ಅವಳ ಅಮ್ಮನ ಡಿಪ್ಲೊಮಾಕ್ಕೆ ಇಲ್ಲ. ಲ್ಯಾಬ್ ಟೆಕ್ನಿಷಿಯನ್ ಸಂಬಳಕ್ಕೆ ಹಣ ಬೇಕು ಅಂತ ನಾನು ಹತ್ತು ನಿಮಿಷ ಮೈಕಿನಲ್ಲಿ ಹೇಳಿದ್ದು ಪಿಟೀಲಿನ ಸದ್ದಿನಲ್ಲಿ ಯಾರಿಗೆ ಕೇಳಿಸಿತೋ.

ಹೀಗೆ ರೇಗಾಡಿ ಕಾನ್ವೆಂಟಿಗೆ ಬಂದೆ. ಆಮೇಲೆ ನೆನಪಾಯಿತು. ಬರೆಯಬಾರದು ಅಂದುಕೊಂಡಿದ್ದೆ, ಬರೆದೇ ಬಿಡುತ್ತೇನೆ.

2013ರಲ್ಲಿ ಹೊಸದಾಗಿ ಹೋದಾಗ ಒಬ್ಬ ಹುಡುಗನ ಫೋಟೋ ತೆಗೆದಿದ್ದೆ. ಎಂಟೊಂಬತ್ತು ವರ್ಷ ಇರಬೇಕು. ಕಾಲಿನ ಬೆರಳಲ್ಲೆಲ್ಲ ಫುಂಜಾ. ಚರ್ಮದೊಳಗೆ ಹೊಕ್ಕು ಮೊಟ್ಟೆಯಿಡುವ ಮರಳುಚಿಗಟ ಅದು, ನಡೆಯಲು ಬಿಡುವುದಿಲ್ಲ. ಮೊದಲು ಸೂಜಿ ಹಿಡಿಯಬೇಕಿತ್ತು ನಾನು, ಮೊಬೈಲ್ ಹಿಡಿದೆ. "ಸ್ವಲ್ಪ ಈ ಕಡೆ ನೋಡು, ನಗಬೇಡ" ಅಂದೆ. ನಗಬೇಡ ಅಂದದ್ದು ನಾನೇ. ಹೊಸದಾಗಿ ಕಲಿತ ಸ್ವಾಹಿಲಿಯಲ್ಲಿ, ವ್ಯಾಕರಣ ತಪ್ಪಿಲ್ಲದೆ. ಆ ಫೋಟೋಕ್ಕೆ ಬಂದ ದುಡ್ಡಿನಲ್ಲೇ ಲಸಿಕೆ ಇಡುವ ಸೋಲಾರ್ ಫ್ರಿಜ್ ಬಂತು. ಇವತ್ತಿಗೂ ಓಡುತ್ತಿದೆ. ಆ ಹುಡುಗ ಈಗ ಬೋಡಾಬೋಡಾ ಓಡಿಸುತ್ತಾನೆ, ಅಂದರೆ ಬಾಡಿಗೆ ಬೈಕ್. ನನ್ನ ಹತ್ತಿರವೂ ಒಂದು ಶಿಲ್ಲಿಂಗ್ ಬಿಡುವುದಿಲ್ಲ. ನಾನೂ ಚೌಕಾಸಿ ಮಾಡುವುದಿಲ್ಲ. ಆ ಫೋಟೋ ಎಲ್ಲೆಲ್ಲಿ ಹೋಯಿತು ಅಂತ ಅವನಿಗೆ ಗೊತ್ತಿಲ್ಲ, ಹೇಳುವ ಧೈರ್ಯ ನನಗೂ ಬಂದಿಲ್ಲ.

ಆದ್ದರಿಂದ ನನಗೆ ಮಾತಾಡುವ ಹಕ್ಕಿಲ್ಲ ಅಂತೀರಾ? ಅನ್ನಿ. ಆದರೂ ಮಾತಾಡುತ್ತೇನೆ.

ಕತ್ತರಿಸುವ ಚಟ ಹಳೆಯದು. ನಮ್ಮ ತಬೋರಾದ ಹತ್ತಿರ ಕ್ವಿಹಾರಾದಲ್ಲಿ ಲಿವಿಂಗ್‌ಸ್ಟನ್ ಇದ್ದ ಮನೆ ಮ್ಯೂಸಿಯಂ ಆಗಿದೆ. ಮಿಷನರಿ ಅಂದ ತಕ್ಷಣ ಶಾಲೆ ಪುಸ್ತಕದಿಂದ ಎಲ್ಲರಿಗೂ ನೆನಪಾಗುವ ಆಸಾಮಿ. 1873ರಲ್ಲಿ ಅವರು ಈಗಿನ ಜಾಂಬಿಯಾದಲ್ಲಿ ತೀರಿಕೊಂಡರು. ಹೃದಯವನ್ನು ಅಲ್ಲೇ ಮರದಡಿ ಹೂತು, ದೇಹವನ್ನು ಒಣಗಿಸಿ, ತಿಂಗಳುಗಟ್ಟಲೆ ಹೊತ್ತು, ಇದೇ ತಬೋರಾ ದಾರಿಯಲ್ಲಿ ಬಗಮೊಯೊ ಕಡಲ ತನಕ ಮುಟ್ಟಿಸಿದವರು ಲಿವಿಂಗ್‌ಸ್ಟನ್ನರ ಆಫ್ರಿಕನ್ ಸೇವಕರಾದ ಚುಮಾ, ಸುಸಿ ಮತ್ತು ಅವರ ಜೊತೆಗಾರರು. ಹೃದಯ ಹೂಳುವಾಗ ಪ್ರಾರ್ಥನೆ ಓದಿದ ಜೇಕಬ್ ವೇನ್‌ರೈಟ್ ಕಲಿತದ್ದು ನಮ್ಮ ನಾಸಿಕದ ಮಿಷನ್ ಶಾಲೆಯಲ್ಲಿ. ಗುಲಾಮಗಿರಿಯಿಂದ ಬಿಡಿಸಿ ತಂದ ಆಫ್ರಿಕಾದ ಮಕ್ಕಳಿಗೆ ಅಲ್ಲೊಂದು ಶಾಲೆ ಇತ್ತು. ಈ ಹೆಸರುಗಳನ್ನು ನೀವು ಕೇಳಿದ್ದೀರಾ? ನಾನೂ ಅಲ್ಲಿಗೆ ಹೋಗುವ ತನಕ ಕೇಳಿರಲಿಲ್ಲ. ಹೆಣದ ಹೆಸರು ಉಳಿಯಿತು, ಹೊತ್ತವರನ್ನು ಕತ್ತರಿಸಿದರು.

ನಮ್ಮನ್ನೇನು ಬಿಟ್ಟಿದ್ದರಾ? ಬಾಸೆಲ್ ಮಿಷನ್ನಿನವರು 1828ರಲ್ಲಿ ಈಗಿನ ಘಾನಾಕ್ಕೆ ಹೋದರು, 1834ರಲ್ಲಿ ಮಂಗಳೂರಿಗೆ ಬಂದರು. ಎರಡೂ ಕಡೆಯ ಹಳೆಯ ಫೋಟೋಗಳು ಇವತ್ತು ಬಾಸೆಲಿನ ಒಂದೇ ಭಂಡಾರದಲ್ಲಿವೆ, ಇಂಟರ್ನೆಟ್ಟಲ್ಲಿ ನೋಡಬಹುದು. ನಾನು ಒಮ್ಮೆ ಇಡೀ ರಾತ್ರಿ ನೋಡಿದ್ದೇನೆ. ನಮ್ಮ ಕಡೆಯ ಹೆಂಗಸರು ಸಾಲಾಗಿ ನಿಂತಿದ್ದಾರೆ, ಕ್ಯಾಮೆರಾವನ್ನೇ ದಿಟ್ಟಿಸುತ್ತಾ. ಕೆಳಗೆ ಜರ್ಮನ್. ಏನು ಬರೆದಿದೆ ಅಂತ ಆ ಹೆಂಗಸರಿಗೆ ಯಾರು ಓದಿ ಹೇಳಿರುತ್ತಾರೆ?

ಇನ್ನೊಂದು ಹೇಳಿ ಮುಗಿಸುತ್ತೇನೆ. ಇದಕ್ಕೆ ಫೋಟೋ ಇಲ್ಲ.

2020ರ ಮೇ ತಿಂಗಳಲ್ಲಿ ಪಪ್ಪ ತೀರಿಕೊಂಡರು. ವಿಮಾನ ಬಂದ್. ಮಣ್ಣು ಮಾಡುವುದನ್ನು ವಾಟ್ಸಾಪ್ ವಿಡಿಯೋದಲ್ಲಿ ನೋಡಿದೆ, ಎರಡು ಸಲ ಕಟ್ ಆಯಿತು. ಸಂಜೆ ಹೊತ್ತಿಗೆ ಜುಮುಯಾದ ಹೆಂಗಸರು ಬಂದರು. ಜುಮುಯಾ ಅಂದರೆ ನಮ್ಮ ಚರ್ಚಿನ ವಾರ್ಡಿನ ಹಾಗೆ, ಹತ್ತಿಪ್ಪತ್ತು ಮನೆಗಳ ಪ್ರಾರ್ಥನಾ ಕೂಟ. ಚಾಪೆ ತಂದಿದ್ದರು. ಯಾರೂ ಉಪದೇಶ ಮಾಡಲಿಲ್ಲ. "ಪೊಲೆ ಸಿಸ್ಟಾ" ಅಂದರು, ಅಷ್ಟೇ. ಎಡವಿದರೂ ಪೊಲೆ, ಸತ್ತರೂ ಪೊಲೆ. ನಮ್ಮ "ಅಯ್ಯೋ ಪಾಪ"ದಲ್ಲಿರುವ ದೂರ ಅದರಲ್ಲಿಲ್ಲ. ಅಂಗಳದಲ್ಲಿ ಬೆಂಕಿ ಹಾಕಿ ಮೂರು ರಾತ್ರಿ ನಮ್ಮ ಜಗಲಿಯಲ್ಲೇ ಮಲಗಿದರು. ಸಾವಿನ ಮನೆಯವರನ್ನು ಒಂಟಿ ಬಿಡಬಾರದಂತೆ. ನಾಲ್ಕನೇ ದಿನ ಒಂದು ಶಾಲೆ ನೋಟ್‌ಬುಕ್ಕನ್ನೂ ಒಂದು ಲಕೋಟೆಯನ್ನೂ ಕೈಗೆ ಕೊಟ್ಟರು. ರಂಬಿರಂಬಿ, ಸಾವಿನ ಮನೆಗೆ ಹಾಕುವ ಕೈಗಾಣಿಕೆ. ಸಾಲು ಸಾಲಾಗಿ ಲೆಕ್ಕ. ಒಬ್ಬರು 500, ಒಬ್ಬರು 1,000, ಇನ್ನೊಬ್ಬರು 200. ಒಂದು ಕಡೆ "ಒಂದು ಡಬ್ಬ ಹಿಟ್ಟು." ಒಟ್ಟು 87,500 ಶಿಲ್ಲಿಂಗ್, ಆಗಿನ ನಮ್ಮ ದುಡ್ಡಿನಲ್ಲಿ ಸುಮಾರು 2,800 ರೂಪಾಯಿ. ಮೇಲೆ "ಸಿಸ್ಟಾರ ತಂದೆ" ಅಂತ ಬರೆದು ಗೆರೆ ಎಳೆದಿತ್ತು. ಅಕ್ಷರ ಮುದ್ದಾಗಿತ್ತು. ಲ್ಯಾಬಿನ ರಿಜಿಸ್ಟರಿನಲ್ಲಿ ದಿನಾ ನೋಡುವ ಅಕ್ಷರವೇ. ಬರೆದವಳು ಅವಳೇ, ಆಗ ಏಳು ತಿಂಗಳ ಬಸುರಿ.

ನಿನ್ನೆ ಸ್ಕ್ರೀನಲ್ಲಿ ಉಳಿದದ್ದು ಆ ಕೈ.

ಇಷ್ಟಕ್ಕೆ ಬಿಡುತ್ತಿದ್ದೆನೋ ಏನೋ. ಆದರೆ ನಿನ್ನೆ ರಾತ್ರಿ ಚರ್ಚಿನವರು ಆ ಪೋಸ್ಟರನ್ನು ಫೇಸ್‌ಬುಕ್ಕಿಗೆ ಹಾಕಿ ನನ್ನನ್ನು ಟ್ಯಾಗ್ ಮಾಡಿದರು. ಅವಳೂ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾಳೆ. ಬೆಳಿಗ್ಗೆ ವಾಟ್ಸಾಪಿನಲ್ಲಿ ಮೆಸೇಜು. ಮೊದಲು ಅವರ ಪದ್ಧತಿಯಂತೆ ಉದ್ದ ವಿಚಾರಣೆ. ಮನೆ ಹೇಗಿದೆ, ಅಮ್ಮ ಹೇಗಿದ್ದಾರೆ, ಪ್ರಯಾಣದಲ್ಲಿ ದಣಿದಿರಿ ಪೊಲೆ, ಅಲ್ಲಿ ಮಳೆ ಇದೆಯಾ. ಆಮೇಲೆ ಫೋಟೋ. "ಸಿಸ್ಟಾ, ನಮ್ಮ ಹುಡುಗಿ ನಿಮ್ಮ ಊರಿನ ಚರ್ಚಿನಲ್ಲಿ! ಮನೆಯವರಿಗೆಲ್ಲ ತೋರಿಸಿದೆ. ನನ್ನ ಕೈಯೂ ಇದೆ, ಉಂಗುರ ನೋಡಿ ಗೊತ್ತಾಯಿತು. ಮೇಲೆ ದೊಡ್ಡದಾಗಿ ಏನೋ ಬರೆದಿದ್ದಾರಲ್ಲ, ಅದು ಅವಳ ಹೆಸರಾ?"

ನಾನು ಓದಿದ್ದೇನೆ ಅಂತ ಅವಳಿಗೆ ಗೊತ್ತು, ನೀಲಿ ಟಿಕ್ ಬಿದ್ದಿದೆ. ಬೆಳಿಗ್ಗೆಯಿಂದ ನಾಲ್ಕು ಸಲ ಟೈಪ್ ಮಾಡಿ ಅಳಿಸಿದ್ದೇನೆ.